ನೋಡುವವನ ಪಾಲು

ಶಿಕಾಗೊ ನಗರದ ಉತ್ತರ ಕ್ಲಾರ್ಕ್ ಬೀದಿಯ 2122ನೆಯ ಸಂಖ್ಯೆಯ ಕಟ್ಟಡ ಲಾರಿಗಳನ್ನು ನಿಲ್ಲಿಸುವ ಒಂದು ಸಾಧಾರಣ ಗ್ಯಾರೇಜಾಗಿತ್ತು. 1929ರ ಫೆಬ್ರವರಿ 14ರ ಬೆಳಿಗ್ಗೆ ಅದರ ಇಟ್ಟಿಗೆಯ ಗೋಡೆಗೆ ಮುಖಮಾಡಿ ನಿಲ್ಲಿಸಿದ ಏಳು ಮಂದಿಯನ್ನು ನಾಲ್ವರು ಗುಂಡಿಕ್ಕಿ ಕೊಂದರು. ಕೊಂದವರಲ್ಲಿ ಇಬ್ಬರು ಪೊಲೀಸರ ಸಮವಸ್ತ್ರ ಧರಿಸಿದ್ದರು. ಆ ವೇಷವನ್ನು ನಂಬಿಯೇ ಏಳು ಮಂದಿಯೂ ಪ್ರತಿಭಟಿಸದೆ ಗೋಡೆಯ ಕಡೆಗೆ ತಿರುಗಿದರೆಂದು ಇತಿಹಾಸಕಾರರು ಊಹಿಸುತ್ತಾರೆ. ಸತ್ತವರಲ್ಲಿ ಐವರು ಜಾರ್ಜ್ ಮೊರಾನ್ ಎಂಬವನ ಕಳ್ಳಮದ್ಯದ ಕೂಟಕ್ಕೆ ಸೇರಿದವರು. ಆರನೆಯವನು ಆ ಕೂಟದ ಲಾರಿಗಳನ್ನು ದುರಸ್ತಿ ಮಾಡುತ್ತಿದ್ದ ಮೆಕ್ಯಾನಿಕ್. ಅವನು ತಂದು ಕಟ್ಟಿದ್ದ ನಾಯಿ ಮಾತ್ರ ಬದುಕಿ ಉಳಿದು ಬೊಗಳತೊಡಗಿತು. ಅದರ ಕೂಗು ಕೇಳಿ ಜನ ಒಳಗೆ ಇಣುಕಿ ನೋಡಿದರು.

ಏಳನೆಯವನ ವಿಷಯ ವಿಚಾರಾರ್ಹವಾದುದು. ಅವನು ಜನರ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ವೃತ್ತಿಯವನು. ಕಳ್ಳಮದ್ಯದ ವ್ಯಾಪಾರದಲ್ಲಿ ಅವನಿಗೆ ಪಾಲಿರಲಿಲ್ಲ, ಕೂಟದ ಲೆಕ್ಕದಲ್ಲಿ ಅವನ ಹೆಸರಿರಲಿಲ್ಲ. ಪಾತಕಿಗಳ ಒಡನಾಟವೆಂದರೆ ಅವನಿಗೆ ಒಂದು ಬಗೆಯ ರೋಮಾಂಚನ. ಅವರ ಜೊತೆ ಕುಳಿತು ಮಾತು ಕೇಳುವುದು, ಆ ಬಳಿಕ ಪರಿಚಿತರ ಮುಂದೆ ಆ ಸ್ನೇಹವನ್ನು ಹೇಳಿಕೊಳ್ಳುವುದು, ಇಷ್ಟೇ ಅವನ ಸಂಬಂಧ. ಆ ಬೆಳಿಗ್ಗೆಯೂ ಅದೇ ಕುತೂಹಲದಿಂದ ಬಂದಿದ್ದ. ಗುಂಡಿಗೆ ಆ ವ್ಯತ್ಯಾಸ ತಿಳಿಯಲಿಲ್ಲ.

ಈ ಹತ್ಯೆಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ಮೊರಾನನ ಎದುರಾಳಿ ಅಲ್ ಕಪೋನನೇ ಇದರ ಸೂತ್ರಧಾರಿಯೆಂದು ಲೋಕವೆಲ್ಲ ನಂಬಿತು. ಅವನು ಆ ದಿನ ದೂರದ ಫ್ಲಾರಿಡಾದಲ್ಲಿದ್ದ. ಆದರೆ ಆ ಗ್ಯಾರೇಜಿನ ದೃಶ್ಯ ಅಲ್ಲಿಗೇ ಮುಗಿಯಲಿಲ್ಲ. ಮೂರು ವರ್ಷಗಳಲ್ಲಿ ಅದು ಬೆಳ್ಳಿತೆರೆಗೆ ಬಂದಿತು. ಮೂವತ್ತು ವರ್ಷಗಳ ಅನಂತರ, 1959ರಲ್ಲಿ, ಬಿಲ್ಲಿ ವೈಲ್ಡರ್ ನಿರ್ದೇಶಿಸಿದ ‘ಸಮ್ ಲೈಕ್ ಇಟ್ ಹಾಟ್’ ಎಂಬ ಹಾಸ್ಯಚಿತ್ರದ ಕಥೆ ಅಂಥದೇ ಒಂದು ಹತ್ಯೆಯಿಂದ ಚಲಿಸತೊಡಗಿತು, ಜನ ನಗುತ್ತ ನೋಡಿದರು. ಕನ್ನಡಕದವನು ಹತ್ತಿರ ಹೋಗಿ ಕಂಡದ್ದನ್ನು ಕೋಟ್ಯಂತರ ಜನ ದೂರದಲ್ಲಿ, ಕತ್ತಲೆಯ ಸಭಾಂಗಣದಲ್ಲಿಯೋ ಮನೆಯ ನಡುಕೋಣೆಯಲ್ಲಿಯೋ ಕುಳಿತು ಕಾಣುತ್ತ ಬಂದಿದ್ದಾರೆ. ಅವನನ್ನು ಸೆಳೆದ ಆಕರ್ಷಣೆಗೂ ಇವರನ್ನು ಸೆಳೆಯುವ ಆಕರ್ಷಣೆಗೂ ಅಂತರವೆಷ್ಟು? ಅಮೆರಿಕದ ಪಾನನಿರೋಧದ ಇತಿಹಾಸವನ್ನೂ, ಅದರಿಂದ ಹುಟ್ಟಿದ ಗ್ಯಾಂಗ್‌ಸ್ಟರ್ ಚಿತ್ರಗಳನ್ನೂ ಒಟ್ಟಿಗೆ ಇರಿಸಿ ನೋಡಿದಾಗ ಈ ಪ್ರಶ್ನೆ ತಾನಾಗಿ ಏಳುತ್ತದೆ.

ಪಾನನಿರೋಧವೆಂದರೆ ಗುಂಡು, ಗುಪ್ತ ಪಾನಗೃಹ, ಕರಿಯ ಮೋಟಾರು ಎಂಬ ಭಾವನೆ ಸಿನಿಮಾ ಕೊಟ್ಟದ್ದು. ಅದರ ಮೂಲ ಬೇರೆ. 1840ರ ಏಪ್ರಿಲ್‌ನಲ್ಲಿ ಬಾಲ್ಟಿಮೋರ್ ನಗರದ ಒಂದು ಪಾನಗೃಹದಲ್ಲಿ ಕುಡಿಯುತ್ತ ಕುಳಿತಿದ್ದ ಆರು ಮಂದಿ ಇನ್ನು ಮುಂದೆ ಮದ್ಯವನ್ನು ಮುಟ್ಟುವುದಿಲ್ಲವೆಂದು ತಮ್ಮತಮ್ಮಲ್ಲಿಯೇ ಪ್ರತಿಜ್ಞೆ ಮಾಡಿಕೊಂಡರು. ಅವರು ಪಾದ್ರಿಗಳಲ್ಲ, ಸುಧಾರಕರಲ್ಲ, ಕುಡುಕರೇ. ತಮ್ಮ ಸಂಘಕ್ಕೆ ವಾಷಿಂಗ್ಟನ್‌ನ ಹೆಸರನ್ನಿಟ್ಟುಕೊಂಡು ಅವರು ಊರೂರಿಗೆ ಹೋಗಿ ತಮ್ಮ ಕಥೆಯನ್ನು ತಾವೇ ಹೇಳಿದರು. ಕೇಳಿದವರಲ್ಲಿ ಲಕ್ಷಾಂತರ ಜನ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದರು. 1842ರ ಫೆಬ್ರವರಿ 22ರಂದು ಸ್ಪ್ರಿಂಗ್‌ಫೀಲ್ಡಿನ ಇಂತಹ ಸಂಘವೊಂದರಲ್ಲಿ ಮಾತನಾಡಿದ ಯುವ ವಕೀಲ ಅಬ್ರಹಾಂ ಲಿಂಕನ್, ಕುಡುಕನನ್ನು ಶಪಿಸುವುದರಿಂದ ಏನೂ ಸಾಧಿಸದು, ಮೊದಲು ಅವನ ಸ್ನೇಹಿತರಾಗಬೇಕು ಎಂದು ವಾದಿಸಿದನು. ಕುಡಿತಕ್ಕೆ ಬಲಿಯಾಗದೆ ಉಳಿದವರು ಅದನ್ನು ತಮ್ಮ ಗುಣದ ಹಿರಿಮೆಯೆಂದು ಭಾವಿಸಬಾರದೆಂದೂ ಹೇಳಿದನು. ಸಭೆಯಲ್ಲಿ ಕುಳಿತ ಸಜ್ಜನರಿಗೆ ಈ ಮಾತು ಅಷ್ಟೇನೂ ಹಿತವಾಗಿರಲಾರದು.

ಆದರೆ ಸಹಿ ಹಾಕಿದ ಎಲ್ಲರೂ ಪ್ರತಿಜ್ಞೆಯನ್ನು ಉಳಿಸಿಕೊಳ್ಳಲಿಲ್ಲ. ಮನುಷ್ಯನ ಮನಸ್ಸನ್ನು ಒಲಿಸುವ ಕೆಲಸ ನಿಧಾನವಾದುದು. ಪ್ರತಿ ತಲೆಮಾರಿನಲ್ಲಿಯೂ ಮೊದಲಿನಿಂದ ಆರಂಭಿಸಬೇಕಾದುದು. ತಾಳ್ಮೆ ಕಳೆದುಕೊಂಡ ಸುಧಾರಕರು ಕಾನೂನಿನ ಕಡೆ ತಿರುಗಿದರು. 1851ರಲ್ಲಿ ಮೇನ್ ರಾಜ್ಯ ಮದ್ಯದ ತಯಾರಿಕೆಯನ್ನೂ ಮಾರಾಟವನ್ನೂ ನಿಷೇಧಿಸಿತು. 1873ರ ಡಿಸೆಂಬರಿನಲ್ಲಿ ಒಹಾಯೊ ರಾಜ್ಯದ ಹಿಲ್ಸ್‌ಬರೊ ಎಂಬ ಸಣ್ಣ ಊರಿನ ಹೆಂಗಸರು ಪಾನಗೃಹಗಳ ಬಾಗಿಲಲ್ಲಿ ಚಳಿಯಲ್ಲಿ ಮಂಡಿಯೂರಿ ಪ್ರಾರ್ಥಿಸಿದರು. ಮತದಾನದ ಹಕ್ಕಿಲ್ಲದ, ಗಂಡನ ಕೂಲಿಯ ಮೇಲೆ ಅಧಿಕಾರವಿಲ್ಲದ, ಅವನ ಹೊಡೆತದಿಂದ ಬಿಡುಗಡೆಯಿಲ್ಲದ ಹೆಂಗಸರಿಗೆ ಮದ್ಯವೆಂಬುದು ತತ್ತ್ವದ ಪ್ರಶ್ನೆಯಾಗಿರಲಿಲ್ಲ, ಅನ್ನದ ಪ್ರಶ್ನೆಯಾಗಿತ್ತು. ಮರುವರ್ಷ ಹುಟ್ಟಿದ ಕ್ರೈಸ್ತ ಮಹಿಳೆಯರ ಪಾನವಿರೋಧಿ ಸಂಘ, 1893ರಲ್ಲಿ ಹುಟ್ಟಿದ ಆ್ಯಂಟಿ ಸಲೂನ್ ಲೀಗ್, ಇವೆರಡೂ ಕೂಡಿ ನಾಲ್ಕು ದಶಕಗಳಲ್ಲಿ ದೇಶದ ರಾಜಕೀಯವನ್ನೇ ಹಿಡಿದುಕೊಂಡವು. 1913ರಲ್ಲಿ ಆದಾಯ ತೆರಿಗೆ ಬಂದುದರಿಂದ ಸರ್ಕಾರಕ್ಕೆ ಮದ್ಯದ ಸುಂಕದ ಅವಲಂಬನೆ ಕಡಮೆಯಾಯಿತು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮೂಲದ ಬಿಯರ್ ತಯಾರಕರು ಜನರ ದ್ವೇಷಕ್ಕೆ ಗುರಿಯಾದರು. 1919ರ ಜನವರಿ 16ರಂದು ಸಂವಿಧಾನದ ಹದಿನೆಂಟನೆಯ ತಿದ್ದುಪಡಿಗೆ ಬೇಕಾದಷ್ಟು ರಾಜ್ಯಗಳ ಒಪ್ಪಿಗೆ ದೊರೆಯಿತು; ಅಧ್ಯಕ್ಷ ವಿಲ್ಸನ್‌ನ ನಿರಾಕರಣೆಯನ್ನು ಮೀರಿ ಆ ವರ್ಷದ ಅಕ್ಟೋಬರ್ 28ರಂದು ವೋಲ್‌ಸ್ಟೆಡ್ ಕಾಯಿದೆ ಅಂಗೀಕಾರವಾಯಿತು; 1920ರ ಜನವರಿ 17ರಿಂದ ನಿಷೇಧ ಜಾರಿಗೆ ಬಂದಿತು.

ಒಂದು ಸೂಕ್ಷ್ಮವನ್ನು ಓದುಗರು ಗಮನಿಸಬೇಕು. ಈ ಕಾನೂನು ತಯಾರಿಕೆ, ಸಾಗಾಟ, ಮಾರಾಟಗಳನ್ನು ನಿಷೇಧಿಸಿತೇ ಹೊರತು ಕುಡಿಯುವುದನ್ನು ಅಪರಾಧವೆನ್ನಲಿಲ್ಲ. ಮುಂಚಿತವಾಗಿಯೇ ಕೊಂಡು ನೆಲಮಾಳಿಗೆಯಲ್ಲಿ ತುಂಬಿಟ್ಟುಕೊಂಡ ಧನಿಕನು ನಿರಾತಂಕವಾಗಿ ಕುಡಿಯಬಹುದಾಗಿತ್ತು. ಬಾಲ್ಟಿಮೋರಿನ ಆರು ಮಂದಿ ಮಾಡಿದ ಪ್ರತಿಜ್ಞೆಯಲ್ಲಿ ಕುಡಿಯುವವನೇ ಕೇಂದ್ರ; ಕಾಯಿದೆಯಲ್ಲಿ ಅವನಿಗೆ ಯಾವ ಹೊಣೆಯೂ ಇಲ್ಲ. ಬಯಕೆಯನ್ನು ಹಾಗೆಯೇ ಉಳಿಸಿ, ಅದನ್ನು ಪೂರೈಸುವವನನ್ನು ಮಾತ್ರ ಪಾತಕಿಯನ್ನಾಗಿ ಮಾಡಿದ ಕಾನೂನು ಇದು. ಇಡೀ ದೇಶದಲ್ಲಿ ಇದನ್ನು ಜಾರಿಗೊಳಿಸಲು ಆರಂಭದಲ್ಲಿ ಇದ್ದ ಕೇಂದ್ರದ ಏಜೆಂಟರು ಸುಮಾರು 1500 ಮಂದಿ. ಅವರ ಸಂಬಳ ಅಲ್ಪ, ಅವರ ಮುಂದೆ ಚಾಚಿದ ಲಂಚ ಅಪಾರ. ವೈದ್ಯರ ಚೀಟಿಯಿದ್ದರೆ ಔಷಧದಂಗಡಿಯಲ್ಲಿ ವಿಸ್ಕಿ ದೊರೆಯುತ್ತಿತ್ತು. ಸಿನ್ಸಿನಾಟಿಯ ಜಾರ್ಜ್ ರೀಮಸ್ ಎಂಬ ವಕೀಲ ಈ ಔಷಧದ ವಿಸ್ಕಿಯ ಉಗ್ರಾಣಗಳನ್ನೇ ಕೊಂಡು ಅದರಿಂದ ಅಪಾರ ಸಂಪತ್ತು ಗಳಿಸಿದನು. ಅವನು ಸ್ವತಃ ಮದ್ಯ ಮುಟ್ಟುತ್ತಿರಲಿಲ್ಲವೆಂದು ಖ್ಯಾತಿ. ತಾನು ಕುಡಿಯದೆ ಊರಿಗೆಲ್ಲ ಕುಡಿಸಿದವನನ್ನು ಯಾವ ಪಂಕ್ತಿಯಲ್ಲಿ ಕೂರಿಸಬೇಕೆಂಬುದನ್ನು, ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು ಎಂಬ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಪರಂಪರೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ರೀಮಸ್ 1927ರಲ್ಲಿ ತನ್ನ ಹೆಂಡತಿಯನ್ನು ಹಾಡಹಗಲೇ ಉದ್ಯಾನವನದಲ್ಲಿ ಗುಂಡಿಕ್ಕಿ ಕೊಂದನು. ಬುದ್ಧಿಭ್ರಮಣೆಯ ಕಾರಣದಿಂದ ಜ್ಯೂರಿ ಅವನನ್ನು ನಿರಪರಾಧಿಯೆಂದಿತು.

ಚಲನಚಿತ್ರಗಳು ಬಂದದ್ದು ಈ ಕಾನೂನು ಇನ್ನೂ ಜೀವಂತವಾಗಿದ್ದಾಗಲೇ. 1931ರಲ್ಲಿ ‘ಲಿಟಲ್ ಸೀಸರ್’ ಮತ್ತು ‘ದಿ ಪಬ್ಲಿಕ್ ಎನಿಮಿ’, 1932ರಲ್ಲಿ ‘ಸ್ಕಾರ್‌ಫೇಸ್’ ತೆರೆ ಕಂಡವು. ಪ್ರೇಕ್ಷಕರಲ್ಲಿ ಅನೇಕರು ಆರ್ಥಿಕ ಕುಸಿತದಿಂದ ಕೆಲಸ ಕಳೆದುಕೊಂಡವರು. ತೆರೆಯ ಮೇಲೆ ಕೇರಿಯ ಹುಡುಗನೊಬ್ಬ ಒಳ್ಳೆಯ ಸೂಟು, ದೊಡ್ಡ ಮೋಟಾರು, ಹಿಂಬಾಲಕರ ಪಡೆ ಎಲ್ಲವನ್ನೂ ಪಡೆಯುತ್ತಾನೆ. ಕೊನೆಯ ಹತ್ತು ನಿಮಿಷಗಳಲ್ಲಿ ಸಾಯುತ್ತಾನೆ. ನಿರ್ಮಾಪಕರು ಈ ಕೊನೆಯನ್ನು ತೋರಿಸಿ ತಮ್ಮದು ನೀತಿಪಾಠವೆಂದು ವಾದಿಸಿದರು. ‘ದಿ ಪಬ್ಲಿಕ್ ಎನಿಮಿ’ಯ ಆರಂಭದಲ್ಲಿಯೇ ಪಾತಕಿಯನ್ನು ವೈಭವೀಕರಿಸುವುದು ತಮ್ಮ ಉದ್ದೇಶವಲ್ಲವೆಂಬ ಬರಹ ಮೂಡುತ್ತದೆ. ‘ಸ್ಕಾರ್‌ಫೇಸ್’ ಚಿತ್ರಕ್ಕೆ ‘ರಾಷ್ಟ್ರದ ನಾಚಿಕೆ’ ಎಂಬರ್ಥದ ಉಪಶೀರ್ಷಿಕೆಯನ್ನು ಅಂಟಿಸಲಾಯಿತು. ಪತ್ರಿಕೆಯ ಒಡೆಯನೊಬ್ಬ ನಾಗರಿಕರಿಗೆ ಉಪದೇಶ ಮಾಡುವ ದೃಶ್ಯವನ್ನು ಸೇರಿಸಲಾಯಿತು. ನಾಯಕನನ್ನು ಗಲ್ಲಿಗೇರಿಸುವ ಮತ್ತೊಂದು ಮುಕ್ತಾಯವನ್ನು, ನಾಯಕನಟ ಪಾಲ್ ಮುನಿ ಇಲ್ಲದೆಯೇ, ಬದಲಿ ವ್ಯಕ್ತಿಯನ್ನಿಟ್ಟು ಚಿತ್ರಿಸಲಾಯಿತು. ಹೊರಗಿನಿಂದ ಹೊಲಿದ ಈ ತೇಪೆಗಳು ಯಾರನ್ನೂ ನಂಬಿಸಲಿಲ್ಲ. ಒಂದೂವರೆ ಗಂಟೆಯ ಮೆಚ್ಚುಗೆಯನ್ನು ಹತ್ತು ನಿಮಿಷದ ಸಾವು ಅಳಿಸಲಾರದು.

ಪಾತಕಿಗಳೂ ಈ ಚಿತ್ರಗಳ ಪ್ರೇಕ್ಷಕರಾಗಿದ್ದರು. ‘ಸ್ಕಾರ್‌ಫೇಸ್’ನ ಲೇಖಕರಲ್ಲೊಬ್ಬನಾದ ಬೆನ್ ಹೆಕ್ಟ್ ಹಿಂದೆ ಶಿಕಾಗೊದ ಪತ್ರಕರ್ತನಾಗಿದ್ದವನು. ಕಪೋನನ ಕಡೆಯ ಇಬ್ಬರು ತನ್ನನ್ನು ಹುಡುಕಿಕೊಂಡು ಬಂದು, ಈ ಕಥೆ ನಮ್ಮ ಯಜಮಾನನದೇ ಎಂದು ವಿಚಾರಿಸಿದರೆಂದು ಅವನು ಮುಂದೆ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಕಥೆ ಕಟ್ಟುವುದೇ ಕಸುಬಾಗಿದ್ದವನ ಮಾತಾದ್ದರಿಂದ ಅದನ್ನು ಸ್ವಲ್ಪ ರಿಯಾಯಿತಿಯೊಡನೆಯೇ ಕೇಳಬೇಕು. ಆದರೆ ಮುಂದಿನದು ಪೊಲೀಸ್ ದಾಖಲೆಯ ಸಂಗತಿ. 1934ರ ಜುಲೈ 22ರ ರಾತ್ರಿ, ಬ್ಯಾಂಕುಗಳನ್ನು ದೋಚಿ ದೇಶಕ್ಕೆಲ್ಲ ಪರಿಚಿತನಾಗಿದ್ದ ಜಾನ್ ಡಿಲಿಂಜರ್ ಶಿಕಾಗೊದ ಬಯೋಗ್ರಾಫ್ ಚಿತ್ರಮಂದಿರದಲ್ಲಿ ‘ಮ್ಯಾನ್‌ಹಟನ್ ಮೆಲೊಡ್ರಾಮಾ’ ಎಂಬ ಚಿತ್ರವನ್ನು ನೋಡಿ ಹೊರಬಂದನು. ಆ ಚಿತ್ರದ ಪಾತಕಿ ನಗುನಗುತ್ತ ಮರಣದಂಡನೆಯ ಕುರ್ಚಿಯತ್ತ ನಡೆಯುತ್ತಾನೆ. ಹೊರಗೆ ಕಾದಿದ್ದ ಕೇಂದ್ರದ ಏಜೆಂಟರು ಪಕ್ಕದ ಓಣಿಯ ಬಾಯಲ್ಲಿ ಡಿಲಿಂಜರನನ್ನು ಗುಂಡಿಕ್ಕಿ ಕೊಂದರು. ಅವನ ರಕ್ತದಲ್ಲಿ ಕರವಸ್ತ್ರ ಅದ್ದಿಕೊಳ್ಳಲು ಜನ ಮುಗಿಬಿದ್ದರು.

ಇಂತಹ ಚಿತ್ರಗಳು ಎಳೆಯರ ಮೇಲೆ ಬೀರುವ ಪರಿಣಾಮದ ಬಗ್ಗೆ ಆತಂಕವೂ ಅಷ್ಟೇ ಹಳೆಯದು. ಪೇನ್ ನಿಧಿಯ ನೆರವಿನಿಂದ ನಡೆದ ಅಧ್ಯಯನಗಳು 1933ರಲ್ಲಿ ಪ್ರಕಟವಾದವು. ಸಮಾಜಶಾಸ್ತ್ರಜ್ಞ ಹರ್ಬರ್ಟ್ ಬ್ಲೂಮರ್ ಯುವಕರಿಂದ ಅವರವರ ಸಿನಿಮಾ ಅನುಭವಗಳನ್ನು ಅವರ ಕೈಯಿಂದಲೇ ಬರೆಯಿಸಿದನು. ಸುಧಾರಣಾಗೃಹಗಳ ಹುಡುಗರಲ್ಲಿ ಕೆಲವರು ಬೀಗ ಮುರಿಯುವ ಉಪಾಯವನ್ನು ತೆರೆಯಿಂದ ಕಲಿತೆವೆಂದರು; ಬೇರೆ ಕೆಲವರು ಅದೇ ಚಿತ್ರಗಳಿಂದ ಅಪರಾಧದ ಬಗ್ಗೆ ಭಯ ಹುಟ್ಟಿತೆಂದರು. ಒಂದೇ ಮಳೆ ಒಂದೊಂದು ನೆಲದಲ್ಲಿ ಒಂದೊಂದು ಬೆಳೆ ತೆಗೆಯಿತು. ಆದರೆ ಆತಂಕಗೊಂಡವರಿಗೆ ಇಷ್ಟು ಸೂಕ್ಷ್ಮ ಬೇಕಿರಲಿಲ್ಲ. 1930ರಲ್ಲಿ ರಚಿತವಾದ, ಪ್ರೇಕ್ಷಕನ ಸಹಾನುಭೂತಿ ಎಂದಿಗೂ ಅಪರಾಧದ ಪಕ್ಷಕ್ಕೆ ಹರಿಯಬಾರದೆಂದು ವಿಧಿಸಿದ ನಿಯಮಾವಳಿಯನ್ನು 1934ರಿಂದ ಕಟ್ಟುನಿಟ್ಟಾಗಿ ಜಾರಿಗೆ ತಂದರು. ಪರಿಣಾಮ ಸ್ವಾರಸ್ಯಕರ. ‘ದಿ ಪಬ್ಲಿಕ್ ಎನಿಮಿ’ಯಲ್ಲಿ ಪಾತಕಿಯಾಗಿದ್ದ ಜೇಮ್ಸ್ ಕ್ಯಾಗ್ನಿ 1935ರ ‘ಜಿ ಮೆನ್’ ಚಿತ್ರದಲ್ಲಿ ಸರ್ಕಾರದ ಏಜೆಂಟನಾದನು. ನಟ ಅವನೇ, ಬಂದೂಕು ಅದೇ, ಪ್ರೇಕ್ಷಕರ ಉಲ್ಲಾಸವೂ ಅದೇ. ಗುಂಡು ಹಾರುವ ದಿಕ್ಕು ಮಾತ್ರ ಬದಲಾಯಿತು. ಹಿಂಸೆಯ ರುಚಿಯನ್ನು ಕಾನೂನಿನ ತಟ್ಟೆಯಲ್ಲಿಟ್ಟು ಬಡಿಸಿದರೆ ಅದು ಸಾತ್ತ್ವಿಕವಾಗುತ್ತದೆಯೆಂಬ ನಂಬಿಕೆ ಅಂದಿನಿಂದ ಚಲನಚಿತ್ರ ಲೋಕದಲ್ಲಿ ಬೇರೂರಿದೆ.

ಈ ನಂಬಿಕೆಯ ಪರಮಾವಧಿ ‘ದಿ ಅನ್‌ಟಚಬಲ್ಸ್’. 1959ರಿಂದ 1963ರವರೆಗೆ ದೂರದರ್ಶನದ ಧಾರಾವಾಹಿಯಾಗಿಯೂ 1987ರಲ್ಲಿ ಬ್ರಯಾನ್ ಡಿ ಪಾಲ್ಮಾ ನಿರ್ದೇಶನದ ಚಲನಚಿತ್ರವಾಗಿಯೂ ಬಂದ ಇದರ ನಾಯಕ ಲಂಚಕ್ಕೆ ಬಗ್ಗದ ಏಜೆಂಟ್ ಎಲಿಯಟ್ ನೆಸ್. ಚಿತ್ರದಲ್ಲಿ ನೆಸ್ ಮೊದಮೊದಲು ನಿಯಮಕ್ಕೆ ಕಟ್ಟುಬಿದ್ದವನು. ಹಂತಹಂತವಾಗಿ, ಪಾತಕಿಯನ್ನು ಗೆಲ್ಲಬೇಕಾದರೆ ಪಾತಕಿಯ ದಾರಿಯನ್ನೇ ಹಿಡಿಯಬೇಕೆಂಬ ಪಾಠವನ್ನು ಕಲಿಯುತ್ತಾನೆ. ಕೊನೆಗೆ ಕಪೋನನ ಬಂಟ ಫ್ರಾಂಕ್ ನಿಟ್ಟಿಯನ್ನು ಕಟ್ಟಡದ ಮಾಳಿಗೆಯಿಂದ ಕೆಳಕ್ಕೆ ನೂಕುತ್ತಾನೆ. ಪ್ರೇಕ್ಷಕರ ಚಪ್ಪಾಳೆಗೆಂದೇ ಸಿದ್ಧಪಡಿಸಿದ ಕ್ಷಣವಿದು. ಇತಿಹಾಸದಲ್ಲಿ ಅಂಥದೇನೂ ನಡೆಯಲಿಲ್ಲ. ನಿಟ್ಟಿ 1943ರವರೆಗೆ ಬದುಕಿದ್ದು ಆತ್ಮಹತ್ಯೆ ಮಾಡಿಕೊಂಡನು. ನೆಸ್ ಮತ್ತು ಅವನ ಸಂಗಡಿಗರು ಭಟ್ಟಿಗಳನ್ನು ಒಡೆದು ಕಪೋನನಿಗೆ ನಷ್ಟವುಂಟುಮಾಡಿದ್ದು ನಿಜ. ಅವನನ್ನು ಸೆರೆಗೆ ಕಳಿಸಿದ್ದು ಮಾತ್ರ ಲೆಕ್ಕದ ಪುಸ್ತಕ.

ಆ ಲೆಕ್ಕದ ಕಥೆ ತೆರೆಗೆ ರುಚಿಸುವಂಥದಲ್ಲ. 1921ರಿಂದ 1929ರವರೆಗೆ ಕೇಂದ್ರದ ಸಹಾಯಕ ಅಟಾರ್ನಿ ಜನರಲ್ ಆಗಿದ್ದ ಮೇಬಲ್ ವಾಕರ್ ವಿಲ್‌ಬ್ರಾಂಟ್ ಎಂಬ ಮಹಿಳೆ, ಕಳ್ಳಮದ್ಯದ ಧನಿಕರನ್ನು ಪಾನನಿರೋಧ ಕಾಯಿದೆಯಡಿಯಲ್ಲಿ ಹಿಡಿಯುವುದಕ್ಕಿಂತ ಆದಾಯ ತೆರಿಗೆಯ ಕಾಯಿದೆಯಡಿಯಲ್ಲಿ ಹಿಡಿಯುವುದು ಸುಲಭವೆಂದು ಕಂಡುಕೊಂಡಳು. ಅಕ್ರಮವಾಗಿ ಗಳಿಸಿದ ಹಣಕ್ಕೂ ತೆರಿಗೆ ಸಲ್ಲಬೇಕೆಂದು 1927ರ ಸಲಿವನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಅನಂತರ ಫ್ರಾಂಕ್ ವಿಲ್ಸನ್ ಮತ್ತು ಅವನ ಸಹೋದ್ಯೋಗಿಗಳು ವರ್ಷಗಟ್ಟಲೆ ಕುಳಿತು, ಜೂಜುಕಟ್ಟೆಗಳ ಲೆಕ್ಕಪತ್ರಗಳನ್ನು ಸಾಲುಸಾಲಾಗಿ ಓದಿ, ಕೈಬರಹಗಳನ್ನು ಹೋಲಿಸಿ, ಹಣ ಯಾರ ಕೈಗೆ ಹೋಯಿತೆಂಬುದನ್ನು ತೋರಿಸಿಕೊಟ್ಟರು. 1931ರ ಅಕ್ಟೋಬರಿನಲ್ಲಿ ಕಪೋನನಿಗೆ 11 ವರ್ಷಗಳ ಸೆರೆವಾಸ, 50,000 ಡಾಲರ್ ದಂಡ ವಿಧಿಸಲಾಯಿತು. ಒಂದು ಗುಂಡೂ ಹಾರಲಿಲ್ಲ. ನೆಸ್‌ನ ಹೆಸರಿನಲ್ಲಿ ಬಂದ ಪುಸ್ತಕ 1957ರಲ್ಲಿ, ಅವನು ತೀರಿಕೊಂಡ ಕೆಲವು ತಿಂಗಳುಗಳ ಅನಂತರ ಪ್ರಕಟವಾಗಿ ಅವನನ್ನು ದಂತಕಥೆಯನ್ನಾಗಿ ಮಾಡಿತು. ಪಾನನಿರೋಧದ ಆ ವೀರ ಕೊನೆಯ ವರ್ಷಗಳಲ್ಲಿ ವಿಪರೀತ ಕುಡಿಯುತ್ತಿದ್ದನೆಂಬುದನ್ನು ಅವನ ಜೀವನಚರಿತ್ರಕಾರರು ದಾಖಲಿಸಿದ್ದಾರೆ.

ಇತ್ತೀಚಿನ ದಶಕಗಳಲ್ಲಿ ಈ ಕಾಲವನ್ನು ಕುರಿತು ಬಂದ ಕೃತಿಗಳಲ್ಲಿ ಅತ್ಯಂತ ವಿಸ್ತಾರವಾದುದು 2010ರಿಂದ 2014ರವರೆಗೆ 56 ಕಂತುಗಳಲ್ಲಿ ಪ್ರಸಾರವಾದ ‘ಬೋರ್ಡ್‌ವಾಕ್ ಎಂಪೈರ್’. ಟೆರೆನ್ಸ್ ವಿಂಟರ್ ಇದರ ಕರ್ತೃ. ಮೊದಲ ಕಂತನ್ನು ಮಾರ್ಟಿನ್ ಸ್ಕಾರ್ಸೇಸಿ ನಿರ್ದೇಶಿಸಿದನು. ನಿಷೇಧ ಜಾರಿಗೆ ಬರುವ ಹಿಂದಿನ ದಿನಗಳು. ಅಟ್ಲಾಂಟಿಕ್ ಸಿಟಿಯಲ್ಲಿ ಪಾನವಿರೋಧಿ ಮಹಿಳೆಯರ ಸಭೆ. ಖಜಾಂಚಿ ನಕಿ ಥಾಂಪ್ಸನ್ ಎದ್ದುನಿಂತು, ಕುಡುಕ ತಂದೆಯಿಂದಾಗಿ ತಾನು ಬಾಲ್ಯದಲ್ಲಿ ಹಸಿವಿನಿಂದ ಪಟ್ಟ ಪಾಡನ್ನು ಹೇಳುತ್ತಾನೆ, ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ. ಸಭೆಯಿಂದ ಹೊರಬಿದ್ದ ಅವನು ತನ್ನ ಸಂಗಡಿಗನಿಗೆ, ಒಳ್ಳೆಯ ಕಥೆಗೆ ಸತ್ಯ ಅಡ್ಡಬರದಂತೆ ನೋಡಿಕೊಳ್ಳಬೇಕೆಂಬ ರಾಜಕೀಯದ ಪಾಠ ಹೇಳಿ, ನೇರವಾಗಿ ಊರ ಹಿರಿಯರ ಔತಣಕ್ಕೆ ಹೋಗಿ ಬರಲಿರುವ ಲಾಭಕ್ಕಾಗಿ ಲೋಟ ಎತ್ತುತ್ತಾನೆ. ಇತಿಹಾಸದ ಒಂದು ಕಟುಸತ್ಯವನ್ನು ಇಷ್ಟು ಚಿಕ್ಕದಾಗಿ ಹೇಳಿದ ದೃಶ್ಯ ಅಪರೂಪ.

ಆದರೆ ಅದೇ ಕಂತಿನಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ. ಆ ಸಭೆಯಲ್ಲಿದ್ದ ಬಡ ಗರ್ಭಿಣಿ ಮಾರ್ಗರೆಟ್ ಸಹಾಯ ಬೇಡಿ ಥಾಂಪ್ಸನ್‌ನ ಬಳಿಗೆ ಬರುತ್ತಾಳೆ. ಅವಳ ಗಂಡ ಕುಡಿದು ಬಂದು ಹೊಡೆಯುತ್ತಾನೆ, ಗರ್ಭ ಹೋಗುತ್ತದೆ. ಥಾಂಪ್ಸನ್ ತನ್ನ ತಮ್ಮನ ಮೂಲಕ ಆ ಗಂಡನನ್ನು ಕೊಲ್ಲಿಸಿ ಸಮುದ್ರಕ್ಕೆ ಎಸೆಯಿಸುತ್ತಾನೆ, ಬೇರೆಯವರು ಮಾಡಿದ ಕೊಲೆಗಳ ಹೊಣೆಯನ್ನೂ ಆ ಹೆಣದ ಮೇಲೆಯೇ ಹೊರಿಸುತ್ತಾನೆ. ಈ ಸ್ಥಳದಲ್ಲಿ ನೋಡುವವನ ಮನಸ್ಸು ಏನು ಮಾಡುತ್ತದೆ? ಹೆಚ್ಚಿನವರಲ್ಲಿ ಅದು ಸಮಾಧಾನದ ಉಸಿರು ಬಿಡುತ್ತದೆ. ದುಷ್ಟನಿಗೆ ತಕ್ಕ ಶಾಸ್ತಿಯಾಯಿತೆನ್ನುತ್ತದೆ. ಹೊಡೆಸಿಕೊಂಡ ಹೆಣ್ಣಿನ ಮೇಲಿನ ಅನುಕಂಪ ಒಂದು ಕೊಲೆಗೆ ಒಪ್ಪಿಗೆಯಾಗಿ ಮಾರ್ಪಡಲು ಒಂದು ಗಂಟೆಯೂ ಬೇಕಾಗಲಿಲ್ಲ. ಕಥೆಗಾರನ ಜಾಣತನ ಇರುವುದು ಇಲ್ಲಿ. ಮೊದಲ ಕೊಲೆಯನ್ನು ನ್ಯಾಯದಂತೆ ಕಾಣಿಸಿದರೆ ಎರಡನೆಯದಕ್ಕೆ ವಾದ ಬೇಕಿಲ್ಲ. ಎರಡನೆಯ ವರ್ಷದ ಕೊನೆಯಲ್ಲಿ, ತಾನೇ ಮಗನಂತೆ ಬೆಳೆಸಿದ ಯುವಕನನ್ನು ಥಾಂಪ್ಸನ್ ಸ್ವಹಸ್ತದಿಂದ ಕೊಲ್ಲುವಾಗ ಬೆಚ್ಚಿಬೀಳುವ ಪ್ರೇಕ್ಷಕ, ಆ ದಾರಿಯ ಮೊದಲ ಹೆಜ್ಜೆಗೆ ತಾನೂ ತಲೆದೂಗಿದ್ದನ್ನು ಮರೆತಿರುತ್ತಾನೆ.

ನೈಜ ವ್ಯಕ್ತಿಯ ವೃತ್ತಾಂತ ಇಷ್ಟು ರಕ್ತಮಯವಲ್ಲ. ಥಾಂಪ್ಸನ್ ಪಾತ್ರಕ್ಕೆ ಮೂಲನಾದ ಇನಾಕ್ ಜಾನ್ಸನ್ ಅಟ್ಲಾಂಟಿಕ್ ಸಿಟಿಯನ್ನು ದಶಕಗಳ ಕಾಲ ಲಂಚ, ಜೂಜು, ಕಳ್ಳಮದ್ಯಗಳ ಪಾಲಿನಿಂದ ಆಳಿದ್ದು ನಿಜ. ಧಾರಾವಾಹಿಯಲ್ಲಿರುವಂತೆ ತನ್ನ ಕೈಯಿಂದ ಯಾರನ್ನೂ ಕೊಂದ ದಾಖಲೆಯಿಲ್ಲ. ಕಥೆಯ ಥಾಂಪ್ಸನ್ 1931ರಲ್ಲಿ ಗುಂಡಿಗೆ ಬಲಿಯಾಗುತ್ತಾನೆ. ಜಾನ್ಸನ್ 1941ರಲ್ಲಿ ತೆರಿಗೆ ವಂಚನೆಗಾಗಿ ಸೆರೆಗೆ ಹೋಗಿ, 1945ರಲ್ಲಿ ಹೊರಬಂದು, 1968ರಲ್ಲಿ ವೃದ್ಧಾಪ್ಯದಲ್ಲಿ ತೀರಿಕೊಂಡನು. ಅಷ್ಟು ಸಪ್ಪೆಯಾದ ಮುಕ್ತಾಯವನ್ನು 56 ಕಂತು ಕಾದ ಪ್ರೇಕ್ಷಕರಿಗೆ ಕೊಡುವ ಧೈರ್ಯ ಯಾರಿಗಿದೆ?

ತೆರೆಯ ಮೇಲೆ ಬಾರದ ಸಾವುಗಳ ಲೆಕ್ಕವೇ ಬೇರೆ. ಕೈಗಾರಿಕೆಯ ಬಳಕೆಗೆಂದು ತಯಾರಾಗುವ ಆಲ್ಕೊಹಾಲನ್ನು ಕಳ್ಳರು ಕದ್ದು ಶುದ್ಧೀಕರಿಸಿ ಮಾರುತ್ತಿದ್ದರು. ಅದನ್ನು ತಡೆಯಲು ಸರ್ಕಾರ ಅದಕ್ಕೆ ಮಿಥೈಲ್ ಆಲ್ಕೊಹಾಲ್ ಮುಂತಾದ ವಿಷಗಳನ್ನು ಇನ್ನೂ ಹೆಚ್ಚು ಬೆರೆಸುವಂತೆ ಆಜ್ಞೆ ಮಾಡಿತು. 1926ರ ಕ್ರಿಸ್‌ಮಸ್ ಸಮಯದಲ್ಲಿ ನ್ಯೂಯಾರ್ಕಿನ ಆಸ್ಪತ್ರೆಗಳಿಗೆ ವಿಷಮದ್ಯ ಕುಡಿದವರು ಸಾಲುಗಟ್ಟಿ ಬಂದರು; ಅನೇಕರು ಸತ್ತರು, ಕೆಲವರು ಕುರುಡಾದರು. ನಗರದ ಮುಖ್ಯ ವೈದ್ಯಕೀಯ ಪರೀಕ್ಷಕ ಚಾರ್ಲ್ಸ್ ನಾರಿಸ್ ಬಹಿರಂಗವಾಗಿ ಪ್ರತಿಭಟಿಸಿದನು: ಜನ ಕುಡಿಯುತ್ತಾರೆಂದು ತಿಳಿದೂ ಸರ್ಕಾರ ವಿಷ ಬೆರೆಸುತ್ತಿದೆ, ಸಾಯುವವರು ಒಳ್ಳೆಯ ಮದ್ಯ ಕೊಳ್ಳಲಾರದ ಬಡವರು ಎಂಬುದು ಅವನ ಆಪಾದನೆಯ ತಿರುಳು. ಆ್ಯಂಟಿ ಸಲೂನ್ ಲೀಗಿನ ನಾಯಕ ವೇಯ್ನ್ ವೀಲರ್‌ನ ದೃಷ್ಟಿಯಲ್ಲಿ ವಿಷವೆಂದು ತಿಳಿದೂ ಕುಡಿದವನದು ಆತ್ಮಹತ್ಯೆ, ಸರ್ಕಾರಕ್ಕೆ ಹೊಣೆಯಿಲ್ಲ. ಕುಡುಕನ ಸ್ನೇಹಿತರಾಗಬೇಕೆಂದ ಲಿಂಕನ್‌ನ ಭಾಷಣಕ್ಕೂ ಈ ಮಾತಿಗೂ ನಡುವೆ ಎಂಬತ್ತೈದು ವರ್ಷಗಳ ಅಂತರ. ಮದ್ಯವನ್ನು ದ್ವೇಷಿಸುತ್ತ ದ್ವೇಷಿಸುತ್ತ ಆ ಚಳವಳಿ ಕುಡಿಯುವವನನ್ನೇ ದ್ವೇಷಿಸುವ ಹಂತಕ್ಕೆ ಬಂದು ನಿಂತಿತ್ತು.

1930ರಲ್ಲಿ ಇದಕ್ಕಿಂತಲೂ ದೊಡ್ಡ ಅನಾಹುತವಾಯಿತು. ಶುಂಠಿಯ ಸತ್ತ್ವವೆಂಬ, ಔಷಧದ ಹೆಸರಿನಲ್ಲಿ ಸಿಗುತ್ತಿದ್ದ ಕಡುಮದ್ಯಕ್ಕೆ ಬಾಸ್ಟನ್ನಿನ ಇಬ್ಬರು ವ್ಯಾಪಾರಿಗಳು ಸರ್ಕಾರದ ಪರೀಕ್ಷೆಯನ್ನು ವಂಚಿಸಲೆಂದು ಕೈಗಾರಿಕೆಯ ರಾಸಾಯನಿಕವೊಂದನ್ನು ಬೆರೆಸಿದರು. ಅದು ನರಗಳನ್ನು ಕೊಲ್ಲುವ ವಿಷವೆಂದು ಅವರಿಗೆ ಗೊತ್ತಿರಲಿಲ್ಲ. ಹತ್ತಾರು ಸಾವಿರ ಜನರ, ಮುಖ್ಯವಾಗಿ ದಕ್ಷಿಣದ ಮತ್ತು ಮಧ್ಯ ಪಶ್ಚಿಮದ ಬಡವರ, ಕಾಲುಗಳು ಬಿದ್ದುಹೋದವು. ಪಾದಗಳನ್ನು ಎತ್ತಿ ಎತ್ತಿ ಒಗೆಯುವ ಅವರ ನಡಿಗೆಗೆ ಜನ ಒಂದು ಹೆಸರನ್ನೇ ಇಟ್ಟರು. ಆ ನಡಿಗೆಯನ್ನು ಕುರಿತು ಹಾಡು ಕಟ್ಟಿ ಗ್ರಾಮಫೋನಿಗೆ ಹಾಡಿದವರು ಬಡ ಜಾನಪದ ಗಾಯಕರು. ಹಾಲಿವುಡ್ ಆ ಕಡೆ ಕಣ್ಣು ಹಾಯಿಸಲಿಲ್ಲ. ಕೋಟು ತೊಟ್ಟು ಗುಂಡಿಗೆ ಬೀಳುವವನ ಸಾವು ನೋಡಲು ಚೆನ್ನ. ಊರುಗೋಲು ಹಿಡಿದು ನಲವತ್ತು ವರ್ಷ ಬದುಕಿದವನ ಪಾಡನ್ನು ನೋಡಲು ಟಿಕೆಟ್ಟು ಕೊಳ್ಳುವವರು ಯಾರು?

ಹಾಗೆಯೇ, ಈ ಚಿತ್ರಗಳಲ್ಲಿ ಕಾಣದ ಇನ್ನೊಂದು ಸತ್ಯವೂ ಇದೆ. ಪಾನನಿರೋಧದ ಮೊದಲ ವರ್ಷಗಳಲ್ಲಿ ಕುಡಿತ ನಿಜವಾಗಿಯೂ ಬಹಳ ತಗ್ಗಿತು. ಮದ್ಯದಿಂದ ಬರುವ ಯಕೃತ್ತಿನ ರೋಗದ ಸಾವುಗಳು ಇಳಿದವು. ಹಿಲ್ಸ್‌ಬರೊದಲ್ಲಿ ಮಂಡಿಯೂರಿದ ಹೆಂಗಸರಂತಹವರ ಎಷ್ಟೋ ಮನೆಗಳಲ್ಲಿ ಶನಿವಾರದ ಕೂಲಿ ಮನೆಗೆ ಬಂದಿರಬೇಕು. ಆ ಮನೆಗಳಲ್ಲಿ ನಡೆಯದೆ ಉಳಿದ ಜಗಳಗಳನ್ನು ಯಾವ ಕ್ಯಾಮೆರಾ ತಾನೆ ಹಿಡಿಯಬಲ್ಲದು? ಹದಿಮೂರು ವರ್ಷಗಳ ಇತಿಹಾಸವನ್ನು ಗ್ಯಾಂಗ್‌ಸ್ಟರ್ ಚಿತ್ರಗಳಿಂದಲೇ ಕಲಿತವರು ಪಾನನಿರೋಧವನ್ನು ಮೂರ್ಖರ ಪ್ರಯೋಗವೆಂದು ನಗುತ್ತಾರೆ. 1933ರ ಡಿಸೆಂಬರ್ 5ರಂದು ಆ ಕಾನೂನು ರದ್ದಾದದ್ದಕ್ಕೆ ಕಾರಣಗಳು ಸಾಕಷ್ಟಿದ್ದವು; ಆದರೆ ಅದನ್ನು ತಂದವರ ದುಃಖ ಹುಸಿಯಾಗಿರಲಿಲ್ಲ.

ಪ್ರಸಿದ್ಧ ಪಾತಕಿ ಚಿತ್ರಗಳ ಸಾಲಿನಲ್ಲಿ ಸ್ಥಾನ ಸಿಗದ ಒಬ್ಬ ಕಳ್ಳಮದ್ಯ ವ್ಯಾಪಾರಿಯ ಚರಿತ್ರೆಯನ್ನು ಇಲ್ಲಿ ನೆನೆಯಬೇಕು. ರಾಯ್ ಓಲ್ಮ್‌ಸ್ಟೆಡ್ ಸಿಯಾಟಲ್ ನಗರದ ಪೊಲೀಸ್ ಲೆಫ್ಟಿನೆಂಟ್ ಆಗಿದ್ದವನು. 1920ರಲ್ಲಿ ಮದ್ಯ ಸಾಗಿಸುವಾಗ ಸಿಕ್ಕಿಬಿದ್ದು ಕೆಲಸ ಕಳೆದುಕೊಂಡು, ಕೆನಡಾದಿಂದ ಹಡಗಿನಲ್ಲಿ ಮದ್ಯ ತರಿಸುವ ದೊಡ್ಡ ವ್ಯಾಪಾರಿಯಾದನು. ಅವನು ಮದ್ಯಕ್ಕೆ ಬೇರೇನನ್ನೂ ಬೆರೆಸುತ್ತಿರಲಿಲ್ಲ. ತನ್ನ ಆಳುಗಳು ಬಂದೂಕು ಹಿಡಿಯಕೂಡದೆಂದು ವಿಧಿಸಿದ್ದನು. ಸರಕು ಹೋದರೆ ಹೋಗಲಿ, ಪ್ರಾಣ ಹೋಗಬಾರದೆಂಬುದು ಅವನ ನಿಲುವು. ಕಾನೂನು ಮುರಿಯುತ್ತಲೇ ಹಿಂಸೆಗೆ ಒಂದು ಗಡಿ ಹಾಕಿಕೊಂಡವನು ಅವನು. ಅತ್ತ ಕಾನೂನಿನ ಕಡೆಯವರು ಅವನನ್ನು ಹಿಡಿದದ್ದು ಅವನ ಟೆಲಿಫೋನ್ ತಂತಿಗಳಿಗೆ ಕದ್ದು ಕಿವಿಯೊಡ್ಡಿ. ವಾಷಿಂಗ್ಟನ್ ರಾಜ್ಯದ ಕಾನೂನಿನ ಪ್ರಕಾರ ಆ ಕೃತ್ಯವೇ ಅಪರಾಧವಾಗಿತ್ತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1928ರಲ್ಲಿ ಐವರು ನ್ಯಾಯಮೂರ್ತಿಗಳು ಸರ್ಕಾರದ ಪರವಾಗಿಯೂ ನಾಲ್ವರು ವಿರುದ್ಧವಾಗಿಯೂ ತೀರ್ಪಿತ್ತರು. ಭಿನ್ನಮತದ ನ್ಯಾಯಮೂರ್ತಿ ಲೂಯಿ ಬ್ರಾಂಡೈಸ್, ಸರ್ಕಾರವೆಂಬುದು ಪ್ರಜೆಗಳಿಗೆ ತನ್ನ ನಡತೆಯಿಂದಲೇ ಪಾಠ ಹೇಳುವ ಗುರುವೆಂದೂ, ಅದೇ ಕಾನೂನನ್ನು ಮುರಿದರೆ ಪ್ರಜೆಗಳಲ್ಲಿ ಕಾನೂನಿನ ತಿರಸ್ಕಾರವನ್ನು ಬಿತ್ತುತ್ತದೆಂದೂ ಬರೆದನು. ಡಿ ಪಾಲ್ಮಾನ ಚಿತ್ರದಲ್ಲಿ ನೆಸ್ ಮಾಳಿಗೆಯ ಮೇಲೆ ನಿಂತ ಕ್ಷಣಕ್ಕೆ ಉತ್ತರ ಐವತ್ತೊಂಬತ್ತು ವರ್ಷ ಮೊದಲೇ ಬರೆದಾಗಿತ್ತು.

ಓಲ್ಮ್‌ಸ್ಟೆಡ್ ಮೆಕ್‌ನೀಲ್ ದ್ವೀಪದ ಸೆರೆಮನೆಯಲ್ಲಿ ಶಿಕ್ಷೆ ಅನುಭವಿಸಿ 1931ರಲ್ಲಿ ಹೊರಬಂದನು. 1935ರ ಡಿಸೆಂಬರ್ 25ರಂದು ಅಧ್ಯಕ್ಷ ರೂಸ್‌ವೆಲ್ಟ್ ಅವನಿಗೆ ಪೂರ್ಣ ಕ್ಷಮಾದಾನ ಕೊಟ್ಟನು. ಆ ವೇಳೆಗೆ ಮನುಷ್ಯ ಬದಲಾಗಿದ್ದನು. ಧಾರ್ಮಿಕ ಜೀವನಕ್ಕೆ ತಿರುಗಿದ ಅವನು, ತಾನೇ ಒಂದು ಕಾಲದಲ್ಲಿ ಊರಿಗೆಲ್ಲ ಹಂಚಿದ ಮದ್ಯದ ಚಟದಿಂದ ಕೈದಿಗಳನ್ನು ಬಿಡಿಸುವ ಕೆಲಸದಲ್ಲಿ ದಶಕಗಳನ್ನು ಕಳೆದು 1966ರಲ್ಲಿ ತೀರಿಕೊಂಡನು. ಬಾಲ್ಟಿಮೋರಿನ ಪಾನಗೃಹದಲ್ಲಿ ಕುಳಿತ ಆರು ಮಂದಿಯ ದಾರಿಗೆ ಅವನು ಸುತ್ತುಬಳಸಿ ಬಂದು ಸೇರಿದ್ದನು. ಅವನ ಹೆಸರಿನ ತೀರ್ಪನ್ನು ಸುಪ್ರೀಂ ಕೋರ್ಟು ಮರುವರ್ಷ, 1967ರಲ್ಲಿ, ಕ್ಯಾಟ್ಜ್ ಪ್ರಕರಣದಲ್ಲಿ ಕೈಬಿಟ್ಟಿತು.

ಅದೇ 1967ರಲ್ಲಿ ಕ್ಲಾರ್ಕ್ ಬೀದಿಯ ಗ್ಯಾರೇಜನ್ನು ಕೆಡವಿದರು. ಏಳು ಮಂದಿ ಮುಖಮಾಡಿ ನಿಂತಿದ್ದ ಗೋಡೆಯ ಇಟ್ಟಿಗೆಗಳನ್ನು ಕೆನಡಾದ ವ್ಯಾಪಾರಿಯೊಬ್ಬ ಒಂದೊಂದಕ್ಕೂ ಸಂಖ್ಯೆ ಹಾಕಿಸಿ ಕೊಂಡುಹೋದನು. 1970ರ ದಶಕದಲ್ಲಿ ಆ ಗೋಡೆ ವ್ಯಾಂಕೂವರಿನ ಒಂದು ರಾತ್ರಿ ಕ್ಲಬ್ಬಿನ ಗಂಡಸರ ಶೌಚಗೃಹದಲ್ಲಿ ಮತ್ತೆ ಎದ್ದು ನಿಂತಿತು. ಅನಂತರ ಬಿಡಿಯಾಗಿ ಮಾರಾಟವಾಗಿ ಉಳಿದ ಇಟ್ಟಿಗೆಗಳು ಲಾಸ್ ವೇಗಾಸ್ ಸೇರಿದವು. ಅಲ್ಲಿನ ಹಳೆಯ ನ್ಯಾಯಾಲಯದ ಕಟ್ಟಡದಲ್ಲಿ 2012ರ ಫೆಬ್ರವರಿ 14ರಂದು, ಎಂದರೆ ಹತ್ಯೆ ನಡೆದ ದಿನಾಂಕದಂದೇ, ಮಾಬ್ ಮ್ಯೂಸಿಯಂ ಎಂಬ ಪಾತಕಿಗಳ ವಸ್ತುಸಂಗ್ರಹಾಲಯ ತೆರೆಯಿತು. ಗೋಡೆಯನ್ನು ಅಲ್ಲಿ ಜೋಡಿಸಿ ನಿಲ್ಲಿಸಿದ್ದಾರೆ. ಟಿಕೆಟ್ಟು ಕೊಂಡವರು ಅದರ ಮುಂದೆ ನಿಂತು ನೋಡಬಹುದು. ಕಟ್ಟಡದ ನೆಲಮಾಳಿಗೆಯಲ್ಲಿ 2018ರಲ್ಲಿ ಪಾನನಿರೋಧ ಕಾಲದ ಗುಪ್ತ ಪಾನಗೃಹದ ಮಾದರಿಯೊಂದನ್ನು ಆರಂಭಿಸಲಾಯಿತು. ಅಲ್ಲಿಯೇ ಮದ್ಯವನ್ನು ಭಟ್ಟಿಯಿಳಿಸಿ, ಸರ್ಕಾರದ ಪರವಾನಗಿಯೊಡನೆ, ಮೇಲೆ ಗೋಡೆಯನ್ನು ನೋಡಿ ಇಳಿದು ಬಂದವರಿಗೆ ಲೋಟದಲ್ಲಿ ಕೊಡುತ್ತಾರೆ.